ಪ್ರಶ್ನೋತ್ತರ: ಷೆವರ್ಲೆ 350 ಎಂಜಿನ್‌ಗೆ ಯಾವ ಕ್ಯಾಮ್, ಯಾವ ವಾಲ್ವ್ ಸ್ಪ್ರಿಂಗ್?

ಪ್ರಶ್ನೆ: ನಮಸ್ಕಾರ ಸರ್. ನಾನಿರುವುದು ಟೆಕ್ಸಾಸ್‌ನಲ್ಲಿ. 1978ರ ಷೆವರ್ಲೆ ಸಿ10 ಪಿಕಪ್ ಕೊಂಡಿದ್ದೇನೆ. 350 ವಿ8 ಎಂಜಿನ್, ಆಟೊಮ್ಯಾಟಿಕ್ ಗೇರ್, ಪವರ್ ಬ್ರೇಕ್. ವಾರದಲ್ಲಿ ಮೂರು ದಿನ ಕಚೇರಿಗೆ ಹೋಗುವುದು ಇದರಲ್ಲೇ. 240 ಡಿಗ್ರಿ ಡ್ಯುರೇಶನ್ (ವಾಲ್ವ್ ತೆರೆದಿರುವ ಅವಧಿ), 0.500 ಇಂಚು ಲಿಫ್ಟ್‌ನ (ವಾಲ್ವ್ ತೆರೆಯುವ ಎತ್ತರ) ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ಉಬ್ಬುಗಳಿರುವ ದಂಡ) ಹಾಕಿಸಿದರೆ ಸದ್ದೇ ಬೇರೆ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಹಾಕಿಸಲೇ? ಹಳೆಯ ಸ್ಪ್ರಿಂಗ್‌ಗಳು ಸಾಕೇ?

ಉತ್ತರ: ಬೇಡ, ಖಂಡಿತ ಬೇಡ. ನಿಮ್ಮ ಎಂಜಿನ್‌ನ ಕಂಪ್ರೆಶನ್, ಅಂದರೆ ಸಿಲಿಂಡರ್‌ನಲ್ಲಿ ಮಿಶ್ರಣ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಎಂಬುದು, ಎಂಟೂವರೆಯ ಆಸುಪಾಸಿನದು; ಅದು ಕಡಿಮೆಯೇ. ಡ್ಯುರೇಶನ್ ಹೆಚ್ಚಿದರೆ ಇನ್‌ಟೇಕ್ ವಾಲ್ವ್ (ಗಾಳಿ-ಪೆಟ್ರೋಲ್ ಮಿಶ್ರಣ ಒಳಬರುವ ವಾಲ್ವ್) ತಡವಾಗಿ ಮುಚ್ಚುತ್ತದೆ. ಪಿಸ್ಟನ್ ಮೇಲೇರುವಾಗ ಒಳಬಂದ ಮಿಶ್ರಣದಲ್ಲಿ ಒಂದಿಷ್ಟು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಎಂಜಿನ್ ವೇಗ ಏರಿದ ಮೇಲೆ ಇದು ಸರಿಹೋಗುತ್ತದೆ, ಆದರೆ ಸಿಗ್ನಲ್‌ನಿಂದ ಹೊರಡುವಾಗ ಗಾಡಿಗೆ ಉಸಿರೇ ಇರುವುದಿಲ್ಲ. ಪವರ್ ಬ್ರೇಕ್‌ಗೆ ಬಲ ಕೊಡುವುದು ಎಂಜಿನ್ ಎಳೆಯುವ ನಿರ್ವಾತ; ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ನಿಧಾನವಾಗಿ ಓಡುವಾಗ) ಅದು ಕುಸಿದು ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ. ಸದ್ದಿಗಾಗಿ ಬ್ರೇಕ್ ಬಿಟ್ಟುಕೊಡಬೇಡಿ.

ಲಿಫ್ಟರ್ (ಕ್ಯಾಮ್‌ನ ಉಬ್ಬು, ಅಂದರೆ ಲೋಬ್, ಮೇಲೆತ್ತುವ ಬಿಡಿಭಾಗ) 0.050 ಇಂಚು ಮೇಲೆದ್ದಾಗಿನಿಂದ ಎಣಿಸುವ ಅಳತೆಯಲ್ಲಿ ಇನ್‌ಟೇಕ್ ಡ್ಯುರೇಶನ್ 205ರಿಂದ 215 ಡಿಗ್ರಿ, ಲಿಫ್ಟ್ 0.450 ಇಂಚಿನೊಳಗೆ, ಇನ್‌ಟೇಕ್ ಮತ್ತು ಎಕ್ಸಾಸ್ಟ್ ಲೋಬ್‌ಗಳ ನಡುವಿನ ಕೋನ 112 ಡಿಗ್ರಿ. ನಿಮ್ಮ ಓಡಾಟಕ್ಕೆ ನಾನಾದರೆ ಇದನ್ನೇ ಹಾಕುತ್ತೇನೆ. ಟಾರ್ಕ್ ಕನ್ವರ್ಟರ್ (ಎಂಜಿನ್‌ನ ಬಲವನ್ನು ಆಟೊಮ್ಯಾಟಿಕ್ ಗೇರ್‌ಗೆ ದಾಟಿಸುವ ಭಾಗ) ಬದಲಿಸಬೇಕಾಗಿಲ್ಲ.

ವಾಲ್ವನ್ನು ಮತ್ತೆ ಮುಚ್ಚುವ ಸ್ಪ್ರಿಂಗ್ ಮಾತ್ರ ಹೊಸದೇ ಬೇಕು, ಅದೂ ಕ್ಯಾಮ್ ತಯಾರಕರು ಆ ಕ್ಯಾಮ್‌ಗೆಂದೇ ಸೂಚಿಸಿದ್ದು. ನಲವತ್ತು ವರ್ಷ ಬಿಸಿ ತಿಂದ ಸ್ಪ್ರಿಂಗ್‌ಗೆ ಹಳೆಯ ಬಲ ಉಳಿದಿರುವುದಿಲ್ಲ. ಬಲ ಸಾಲದಿದ್ದರೆ ವೇಗ ಏರಿದಾಗ ಲಿಫ್ಟರ್ ಲೋಬ್ ಬಿಟ್ಟು ಹಾರುತ್ತದೆ, ವಾಲ್ವ್ ಸೀಟಿಗೆ ಬಡಿದು ಪುಟಿಯುತ್ತದೆ. ಹಾಗೆಂದು ರೇಸ್ ಗಾಡಿಯ ಬಿಗಿ ಸ್ಪ್ರಿಂಗ್ ಹಾಕಿದರೆ ಚಪ್ಪಟೆ ಲಿಫ್ಟರ್ ಲೋಬನ್ನೇ ಸವೆಸಿಬಿಡುತ್ತದೆ. ವಾಲ್ವ್ ಮುಚ್ಚಿದಾಗ ಸ್ಪ್ರಿಂಗ್‌ನ ಬಲ 100ರಿಂದ 120 ಪೌಂಡ್ ಇದ್ದರೆ ಸಾಕು.

ಅಳೆಯದೆ ಜೋಡಿಸಬೇಡಿ. ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗ್‌ನ ಸುತ್ತುಗಳು ಒಂದಕ್ಕೊಂದು ಅಂಟುವ ಮುನ್ನ ಒಟ್ಟು 0.060 ಇಂಚಾದರೂ ಉಳಿದಿರಬೇಕು. ರಿಟೈನರ್‌ನ (ಸ್ಪ್ರಿಂಗ್ ಮೇಲಿನ ಬಿಲ್ಲೆ) ತಳಕ್ಕೂ ಗೈಡ್ (ವಾಲ್ವ್‌ನ ಕಾಂಡ ಓಡಾಡುವ ಕೊಳವೆ) ಮೇಲಿನ ಸೀಲ್‌ಗೂ ಅಷ್ಟೇ ಅಂತರ ಬೇಕು. ನಿಮ್ಮ ಗೆಳೆಯರು ಹೇಳಿದ 0.500 ಲಿಫ್ಟ್‌ಗೆ ಹಳೆಯ ಹೆಡ್‌ಗಳಲ್ಲಿ (ವಾಲ್ವ್‌ಗಳಿರುವ, ಸಿಲಿಂಡರ್‌ಗಳ ಮೇಲಿನ ಭಾಗ) ಸಾಮಾನ್ಯವಾಗಿ ತೊಂದರೆ ಕೊಡುವುದೇ ಈ ಜಾಗ.

ಪ್ರಶ್ನೆ: ಧನ್ಯವಾದ ಸರ್. ಸ್ಪ್ರಿಂಗ್ ಬದಲಿಸಲು ಹೆಡ್ ಇಳಿಸಲೇಬೇಕೇ? ಹಳೆಯ ಲಿಫ್ಟರ್‌ಗಳು ನುಣುಪಾಗಿಯೇ ಇವೆ, ಉಳಿಸಿಕೊಳ್ಳಬಹುದೇ?

ಉತ್ತರ: ಹೆಡ್ ಇಳಿಸಬೇಕಾಗಿಲ್ಲ. ಆ ಸಿಲಿಂಡರ್‌ನ ಎರಡೂ ವಾಲ್ವ್ ಮುಚ್ಚಿರಲಿ, ಪಿಸ್ಟನ್ ಕೆಳಗಿರಲಿ. ಸ್ಪಾರ್ಕ್ ಪ್ಲಗ್ ರಂಧ್ರದಿಂದ ಮೆತ್ತನೆಯ ನೈಲಾನ್ ಹಗ್ಗ ತುರುಕಿ, ತುದಿ ಹೊರಗೆ ಬಿಟ್ಟು, ಕ್ರ್ಯಾಂಕನ್ನು (ಪಿಸ್ಟನ್‌ಗಳನ್ನು ಮೇಲೆ ಕೆಳಗೆ ಓಡಿಸುವ ದಂಡ) ಕೈಯಿಂದ ತಿರುಗಿಸಿ. ಪಿಸ್ಟನ್ ಹಗ್ಗವನ್ನು ಒತ್ತುತ್ತದೆ, ಹಗ್ಗ ವಾಲ್ವ್‌ಗಳನ್ನು ಹಿಡಿದು ನಿಲ್ಲಿಸುತ್ತದೆ. ನಾನು ಇಂದಿಗೂ ಹೀಗೆಯೇ ಮಾಡುತ್ತೇನೆ.

ಹಳೆಯ ಲಿಫ್ಟರ್ ಬೇಡವೇ ಬೇಡ. ಅದರ ತಳ ನೋಡುವುದಕ್ಕೆ ಸಪಾಟು, ನಿಜದಲ್ಲಿ ಕೂದಲೆಳೆಯಷ್ಟು ಉಬ್ಬಿರುತ್ತದೆ. ಲೋಬ್‌ಗೂ ತುಸು ಓರೆ ಇರುತ್ತದೆ. ಇವೆರಡೂ ಸೇರಿಯೇ ಲಿಫ್ಟರ್ ತಿರುಗುವುದು. ಒಂದು ಲೋಬಿನ ಮೇಲೆ ಸವೆದದ್ದು ಇನ್ನೊಂದರ ಮೇಲೆ ತಿರುಗದೆ ಹೋಗಬಹುದು. ತಿರುಗದಿದ್ದರೆ ಲೋಬ್ ನಿಮಿಷಗಳಲ್ಲೇ ಹಾಳು.

ಲೋಬ್‌ಗಳಿಗೆ ಜೋಡಣೆಯ ಪೇಸ್ಟ್ ಹಚ್ಚಿ, ಸತು ಮತ್ತು ರಂಜಕ ಹೆಚ್ಚಿರುವ ಬ್ರೇಕ್-ಇನ್ ಆಯಿಲ್ ತುಂಬಿ. ಎಂಜಿನ್ ಹೊತ್ತಿಕೊಂಡ ಕೂಡಲೇ 2,000ದಿಂದ 2,500 ಆರ್‌ಪಿಎಂಗೆ ಏರಿಸಿ, ಇಪ್ಪತ್ತು ನಿಮಿಷ ಐಡಲ್‌ಗೆ ಇಳಿಸದೆ ಓಡಿಸಿ. ಅದಕ್ಕೂ ಮೊದಲು, ವಾಲ್ವ್ ಕವರ್ ತೆಗೆದು ಪ್ರತಿ ಪುಶ್‌ರಾಡ್‌ಗೂ (ಲಿಫ್ಟರ್ ಮೇಲೆ ನಿಂತು ಅದರೊಂದಿಗೇ ತಿರುಗುವ ಕಡ್ಡಿ) ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಓಡಿಸುವಾಗ ಒಬ್ಬರನ್ನು ನೋಡಲು ನಿಲ್ಲಿಸಿಕೊಳ್ಳಿ. ಎಣ್ಣೆ ಸಿಡಿಯುತ್ತದೆ, ಎಚ್ಚರವಿರಲಿ. ಹದಿನಾರರಲ್ಲಿ ಯಾವುದಾದರೂ ಒಂದರ ಗೆರೆ ಸುತ್ತದೆ ನಿಂತಿದ್ದರೆ ತಕ್ಷಣ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿ, ನನಗೆ ಇಲ್ಲೇ ಬರೆಯಿರಿ.