ಮಲ್ಪೆಯ ಶೆಡ್ಡಿನಲ್ಲಿ ಗಾಳಿ ಉಪಕರಣಗಳು: ಒತ್ತಡ ಏರಿಸಿದರೂ ಬಲವಿಲ್ಲ, ಕಿಂಡಿಯಿಂದ ನೀರು

ಪ್ರಶ್ನೆ (ಮಲ್ಪೆಯಿಂದ)

ಎಲ್ಲರಿಗೂ ನಮಸ್ಕಾರ. ಮಲ್ಪೆ ಬಂದರಿನ ಬಳಿ ಬೋಟು ದುರಸ್ತಿಯ ಸಣ್ಣ ಶೆಡ್ ನಡೆಸುತ್ತಿದ್ದೇನೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧವೇ ನಮಗೆ ಸುಗ್ಗಿ. ದಡಕ್ಕೇರಿದ ಉಕ್ಕಿನ ಬೋಟುಗಳ ತಳದ ತುಕ್ಕು ಕಿತ್ತು, ಬೆಸುಗೆ ಉಜ್ಜಿ, ಬಣ್ಣ ಬಳಿಯುವಷ್ಟರಲ್ಲಿ ಎರಡು ತಿಂಗಳು ಮುಗಿದಿರುತ್ತದೆ. ನಮ್ಮಲ್ಲಿ 5 ಎಚ್‌ಪಿಯ ಕಂಪ್ರೆಸರ್ ಒಂದು, ತುಕ್ಕು ಕೀಳುವ ನೀಡಲ್ ಗನ್ ಎರಡು, 4 ಇಂಚಿನ ಗ್ರೈಂಡರ್ ಒಂದು, ನಟ್ಟು ಬೋಲ್ಟು ಬಿಚ್ಚುವ ಅರ್ಧ ಇಂಚಿನ ಇಂಪ್ಯಾಕ್ಟ್ ರೆಂಚ್ ಒಂದು ಇವೆ. ಒದ್ದೆ ನೆಲದ ಮೇಲೆ ಕರೆಂಟಿನ ಗ್ರೈಂಡರ್ ಬೇಡವೆಂದೇ ಕಂಪ್ರೆಸರಿನ ಗಾಳಿಯಿಂದ ಓಡುವ ಇವನ್ನು ಕೊಂಡಿದ್ದೆ.

ಬೆಳಿಗ್ಗೆ ಚೆನ್ನಾಗಿಯೇ ತಿರುಗುವ ಗ್ರೈಂಡರ್ ಅರ್ಧ ಗಂಟೆಯೊಳಗೆ ಸೋಲುತ್ತದೆ, ಗಾಳಿ ಹೊರಬೀಳುವ ಕಿಂಡಿಯಿಂದ ಮಂಜಿನಂತೆ ನೀರು ಚಿಮ್ಮುತ್ತದೆ. ಬಲ ಸಾಲದೆಂದು ಹುಡುಗರು, ಗಾಳಿಯ ಒತ್ತಡ ಹೊಂದಿಸುವ ರೆಗ್ಯುಲೇಟರನ್ನು 90 ಪಿಎಸ್‌ಐಯಿಂದ (ಪಿಎಸ್‌ಐ ಎಂದರೆ ಒತ್ತಡದ ಅಳತೆ) 130ಕ್ಕೆ ತಿರುವಿಟ್ಟಿದ್ದಾರೆ. ಕಳೆದ ವಾರ ನೀಡಲ್ ಗನ್ನಿನ ಬುಡದಲ್ಲಿ ಹೋಸ್ ಕಳಚಿ, ಬಾರುಕೋಲಿನಂತೆ ಬೀಸಿ ಒಬ್ಬನ ಮೊಣಕಾಲಿಗೆ ಬಡಿಯಿತು. ಸ್ವಲ್ಪ ಮೇಲಕ್ಕೆ ಬಂದಿದ್ದರೆ ಕಣ್ಣು ಹೋಗುತ್ತಿತ್ತು. ಇನ್ನೊಬ್ಬನಿಗೆ ರಾತ್ರಿ ಬೆರಳುಗಳು ಜೋಮು ಹಿಡಿಯುತ್ತವಂತೆ. ಇವುಗಳಿಗೆ ಯಾವ ಎಣ್ಣೆ ಹಾಕಬೇಕು, ದಿನನಿತ್ಯ ಏನು ನೋಡಿಕೊಳ್ಳಬೇಕು, ಮತ್ತು ಈ ನೀರಿನ ಕಾಟಕ್ಕೆ ಪರಿಹಾರವೇನು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ 1 (ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ನಿರ್ವಹಣಾ ಕೆಲಸ)

ಮೊದಲು ರೆಗ್ಯುಲೇಟರನ್ನು ಹಿಂದಕ್ಕೆ ತಿರುವಿರಿ, ಉಳಿದದ್ದನ್ನು ಆಮೇಲೆ ಓದಿದರೂ ಸಾಕು. ಇಂತಹ ಕೈ ಉಪಕರಣಗಳಲ್ಲಿ ಬಹುಪಾಲು 6.3 ಬಾರ್, ಅಂದರೆ ಸುಮಾರು 90 ಪಿಎಸ್‌ಐ ಒತ್ತಡಕ್ಕೆಂದು ತಯಾರಾದವು. ಉಪಕರಣ ಸೋತಾಗ ಒತ್ತಡ ಏರಿಸುವುದು, ಗೊರಸಿಗೆ ಮುಳ್ಳು ಚುಚ್ಚಿ ಕುಂಟುತ್ತಿರುವ ಎತ್ತಿಗೆ ಚಾಟಿ ಬೀಸಿದಂತೆ.

ನಿಮ್ಮ ಗೇಜು 130 ತೋರಿಸುತ್ತದೆ, ನಿಜ. ಆದರೆ ಅದು ಯಾರೂ ಟ್ರಿಗರ್ ಒತ್ತದೆ ಇರುವಾಗಿನ, ಗೋಡೆಯ ಮೇಲಿನ ಲೆಕ್ಕ. ಉಪಕರಣದ ಬಾಯಿಯ ಹತ್ತಿರ ಒಂದು ಟೀ ಜೋಡಿಸಿ, ಅದಕ್ಕೆ ಸಣ್ಣ ಗೇಜು ಕೂರಿಸಿ, ಟ್ರಿಗರ್ ಒತ್ತಿ ಹಿಡಿದು ನೋಡಿ. ಹೋಸ್ ಸಪೂರವಾಗಿದ್ದು ಉದ್ದವಾಗಿದ್ದರೆ, ನಡುವೆ ಹೋಸ್ ಜೋಡಿಸುವ ಎರಡು ಮೂರು ಕಪ್ಲರ್‌ಗಳಿದ್ದರೆ, ಅಥವಾ ಫಿಲ್ಟರಿನೊಳಗೆ ಕೆಸರು ಕಟ್ಟಿದ್ದರೆ, ಗಾಳಿ ಹರಿಯತೊಡಗಿದ ಕೂಡಲೇ ಮುಳ್ಳು ಕೆಳಗೆ ಬೀಳುತ್ತದೆ. ಕಳೆದುಹೋದ ಬಲ ಆ ದಾರಿಯಲ್ಲಿದೆ. ಇನ್ನು 5 ಎಚ್‌ಪಿಯ ಕಂಪ್ರೆಸರಿನಲ್ಲಿ ಮೂರು ಉಪಕರಣಗಳನ್ನು ಒಟ್ಟಿಗೆ ಓಡಿಸುತ್ತಿದ್ದರೆ ಕಾರಣ ತಿಳಿಯಲು ಗೇಜೂ ಬೇಕಾಗಿಲ್ಲ. ಗ್ರೈಂಡರ್ ಒಂದೇ ಅದರ ಗಾಳಿಯಲ್ಲಿ ಬಹುಪಾಲನ್ನು ಕುಡಿದುಬಿಡುತ್ತದೆ.

ಈಗ ನೀರಿನ ವಿಚಾರ. ನಮ್ಮ ಕರಾವಳಿಯಲ್ಲಿ ಆಟಿಯ ಮಳೆಗಾಲದ ಗಾಳಿ ಎಂದರೆ ಅರ್ಧ ನೀರೇ ಎಂದು ತಮಾಷೆಗೆ ಹೇಳುವುದುಂಟು, ಆದರೆ ಲೆಕ್ಕ ಹಾಕಿದರೂ ಭಯವಾಗುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು, ತೇವಾಂಶ ಶೇ. 90 ಇದ್ದರೆ 27 ಗ್ರಾಂ. ಅದನ್ನು ಗೇಜಿನ 7 ಬಾರ್‌ಗೆ (ವಾತಾವರಣದ ಒಂದು ಬಾರ್ ಸೇರಿ 8) ಒತ್ತಿದಾಗ ಗಾತ್ರ ಎಂಟನೆಯ ಒಂದು ಭಾಗಕ್ಕಿಳಿಯುತ್ತದೆ, ತಣಿದ ಮೇಲೆ ಅಷ್ಟು ಜಾಗದಲ್ಲಿ ಆವಿಯಾಗಿ ಉಳಿಯುವುದು 4 ಗ್ರಾಂಗಿಂತ ಕಡಿಮೆ. ಉಳಿದ 23 ಗ್ರಾಂ ನೀರಾಗಿ ಇಳಿಯಲೇಬೇಕು. ನಿಮ್ಮ ಕಂಪ್ರೆಸರ್ ನಿಮಿಷಕ್ಕೆ 20 ಘನ ಅಡಿ ಗಾಳಿ ಕೊಡುತ್ತದೆಂದುಕೊಂಡರೆ, ನಿಲ್ಲದೆ ಓಡಿದಾಗ ಗಂಟೆಗೆ ಮುಕ್ಕಾಲು ಲೀಟರ್ ನೀರು.

ಇಲ್ಲಿ ಬಹಳ ಮಂದಿ ತಪ್ಪುವ ಒಂದು ಸಂಗತಿಯಿದೆ. ಕಂಪ್ರೆಸರಿನ ಪಕ್ಕದಲ್ಲಿಯೇ ಫಿಲ್ಟರ್ ಕೂರಿಸಿ, ಕೆಲಸ ಮುಗಿಯಿತೆಂದು ಕೈ ತೊಳೆದುಕೊಳ್ಳುತ್ತಾರೆ. ಟ್ಯಾಂಕಿನಿಂದ ಹೊರಡುವಾಗ ಗಾಳಿ ಬಿಸಿಯಾಗಿರುವುದರಿಂದ ನೀರು ಆವಿಯ ರೂಪದಲ್ಲಿ ಫಿಲ್ಟರನ್ನು ಸಲೀಸಾಗಿ ದಾಟಿ, ಒದ್ದೆ ನೆಲದ ಮೇಲೆ ಬಿದ್ದಿರುವ ಹೋಸಿನೊಳಗೆ ತಣಿದು ಹನಿಯಾಗಿ, ನೇರವಾಗಿ ಗ್ರೈಂಡರಿನ ಹೊಟ್ಟೆ ಸೇರುತ್ತದೆ. ಬೆಳಿಗ್ಗೆ ಸರಿಯಿದ್ದು ಅರ್ಧ ಗಂಟೆಯ ಬಳಿಕ ಸೋಲುವುದಕ್ಕೆ ಕಾರಣ ಇದೇ ಇರಬೇಕೆಂದು ನನ್ನ ಊಹೆ. ಆದ್ದರಿಂದ ಗಾಳಿಯನ್ನು ಮೊದಲು ಸಾಕಷ್ಟು ದೂರ ಕಬ್ಬಿಣದ ಪೈಪಿನಲ್ಲಿ ಹರಿಸಿ ತಣಿಯಬಿಡಿ, ಆಮೇಲೆ ಫಿಲ್ಟರ್, ರೆಗ್ಯುಲೇಟರ್, ಗಾಳಿಗೆ ಎಣ್ಣೆಯ ಹನಿ ಬೆರೆಸುವ ಲೂಬ್ರಿಕೇಟರ್ ಮೂರೂ ಸೇರಿದ ಎಫ್‌ಆರ್‌ಎಲ್ ಯೂನಿಟ್ಟನ್ನು ಕೆಲಸದ ಜಾಗದ ಹತ್ತಿರ ಇಡಿ. ಪೈಪು ಸ್ವಲ್ಪ ಇಳಿಜಾರಾಗಿರಲಿ, ಕವಲುಗಳನ್ನು ಅದರ ಬೆನ್ನಿನಿಂದ ಮೇಲಕ್ಕೆ ತೆಗೆದು ಕೆಳಕ್ಕೆ ಬಾಗಿಸಿ, ಕೊನೆಯಲ್ಲಿ ಡ್ರೈನ್ ಕಾಕ್ ಇರಲಿ. ಟ್ಯಾಂಕಿನ ತಳದ ಕಾಕನ್ನು ಮಳೆಗಾಲದಲ್ಲಿ ದಿನಕ್ಕೊಮ್ಮೆಯಲ್ಲ, ಹೊತ್ತಿಗೊಮ್ಮೆ ತೆರೆಯಬೇಕು.

ಎಣ್ಣೆಯ ವಿಷಯದಲ್ಲಿ ಹೇಳುವುದು ಕಡಿಮೆ. ಗಾಳಿ ಉಪಕರಣಗಳಿಗೆಂದೇ ಸಿಗುವ ತೆಳು ಎಣ್ಣೆ (ಸಾಮಾನ್ಯವಾಗಿ ಐಎಸ್‌ಒ ವಿಜಿ 32 ಎಂಬ ಮಂದತೆಯ ದರ್ಜೆಯ ಆಸುಪಾಸಿನದು) ಸಾಕು. ಲೂಬ್ರಿಕೇಟರ್ ಇದ್ದರೆ ಓಡುವಾಗ ನಿಮಿಷಕ್ಕೆ ಒಂದೆರಡು ಹನಿ. ಇಲ್ಲದಿದ್ದರೆ ಕೆಲಸಕ್ಕೆ ಮುನ್ನ ಗಾಳಿಯ ಬಾಯಿಗೆ ನಾಲ್ಕೈದು ಹನಿ. ಸಂಜೆ ಎತ್ತಿಡುವ ಮೊದಲೂ ಅಷ್ಟೇ ಹನಿ ಹಾಕಿ, ಕಿಂಡಿಗೆ ಬಟ್ಟೆ ಅಡ್ಡ ಹಿಡಿದು ಕೆಲವು ಸೆಕೆಂಡು ಓಡಿಸಬೇಕು. ಬೆಳಗಿನ ಎಣ್ಣೆಗಿಂತ ಈ ಸಂಜೆಯ ಎಣ್ಣೆಯೇ ಮುಖ್ಯ, ಏಕೆಂದರೆ ತುಕ್ಕು ಹಿಡಿಯುವುದು ಉಪಕರಣ ಸುಮ್ಮನೆ ಮಲಗಿರುವ ರಾತ್ರಿಯಲ್ಲಿ.

ಉತ್ತರ 2 (ಉಡುಪಿ, ಗ್ಯಾರೇಜು)

ಮೇಲಿನವರು ಹೇಳಿದ್ದು ಪುಸ್ತಕದ ಪ್ರಕಾರ ಸರಿಯಿರಬಹುದು. ಆದರೆ ನಾನು ಇಪ್ಪತ್ತು ವರ್ಷಗಳಿಂದ ಇಂಪ್ಯಾಕ್ಟ್ ರೆಂಚಿಗೆ ಎಂಜಿನ್ ಆಯಿಲನ್ನೇ ಹಾಕುತ್ತಿದ್ದೇನೆ. ಜಾಮ್ ಆದಾಗ ಸೀಮೆಎಣ್ಣೆ ಸುರಿದು ಓಡಿಸಿದರೆ ಮತ್ತೆ ತಿರುಗುತ್ತದೆ. ಇಷ್ಟೆಲ್ಲ ಖರ್ಚು ಮಾಡಿಸುವ ಅಗತ್ಯವಿದೆಯೇ ಮಾರಾಯ್ರೆ?

ಉತ್ತರ 3 (ಬೈಕಂಪಾಡಿ, ಮತ್ತೊಮ್ಮೆ)

ನಿಮ್ಮ ಅನುಭವವನ್ನು ಅಲ್ಲಗಳೆಯುವುದಿಲ್ಲ, ಆದರೆ ಅದು ಜಾಮ್ ಆಗುವುದೇಕೆ ಎಂಬ ಪ್ರಶ್ನೆಗೆ ಉತ್ತರ ಆ ಎಂಜಿನ್ ಆಯಿಲಿನಲ್ಲಿಯೇ ಇದೆ. ಒಳಗಿನ ರೋಟರಿನ ಸೀಳುಗಳಲ್ಲಿ ತೆಳುವಾದ ಪಟ್ಟಿಗಳಿರುತ್ತವೆ, ಅವನ್ನು ವೇನ್ ಎನ್ನುತ್ತಾರೆ. ರೋಟರ್ ತಿರುಗುವಾಗ ಅವು ಸರಾಗವಾಗಿ ಹೊರಜಾರಿ ಸಿಲಿಂಡರಿನ ಗೋಡೆಗೆ ತಾಗಿದರೆ ಮಾತ್ರ ಗಾಳಿ ಅವನ್ನು ತಳ್ಳಬಲ್ಲದು. ಮಂದ ಎಣ್ಣೆ ನೀರಿನೊಂದಿಗೆ ಕಲಸಿ ಅಂಟಾದಾಗ ವೇನುಗಳು ಸೀಳಿನಲ್ಲಿಯೇ ಕಚ್ಚಿಕೊಳ್ಳುತ್ತವೆ. ಸೀಮೆಎಣ್ಣೆ ಆ ಅಂಟನ್ನು ಬಿಡಿಸುತ್ತದೆ, ಜೊತೆಗೆ ಇದ್ದಬದ್ದ ಎಣ್ಣೆಯ ಪದರವನ್ನೂ ತೊಳೆದುಬಿಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಕಿಂಡಿಯಿಂದ ಅದು ಸೂಕ್ಷ್ಮ ತುಂತುರಾಗಿ ಹೊರಬರುತ್ತದೆ. ಪಕ್ಕದಲ್ಲಿ ಬೆಸುಗೆಯ ಕಿಡಿ ಹಾರುವ ಶೆಡ್ಡಿನಲ್ಲಿ ಇದನ್ನು ಮಾಡಲೇಬಾರದು. ಅಂದ ಹಾಗೆ, ಇಂಪ್ಯಾಕ್ಟ್ ರೆಂಚಿನ ಮುಂಭಾಗದ ಹ್ಯಾಮರ್ ಕೋಣೆಗೆ ಗಾಳಿಯ ಬಾಯಿಗೆ ಹಾಕಿದ ಎಣ್ಣೆ ತಲುಪುವುದಿಲ್ಲ. ತಯಾರಕರ ಕೈಪಿಡಿ ಹೇಳಿದಂತೆ ಅದಕ್ಕೆ ಬೇರೆಯಾಗಿ ಗ್ರೀಸ್ ಅಥವಾ ಎಣ್ಣೆ ಬೇಕು.

ಉತ್ತರ 4 (ಮಂಗಳೂರು, ಸುರಕ್ಷತಾ ಮೇಲ್ವಿಚಾರಣೆಯ ಕೆಲಸ)

ಹೋಸ್ ಕಳಚಿದ ಸಂಗತಿಯನ್ನು ಹಗುರವಾಗಿ ಬಿಡಬೇಡಿ. ನೀಡಲ್ ಗನ್ನಿನಂತಹ ಬಡಿಯುವ ಉಪಕರಣದ ಬುಡಕ್ಕೆ ಕ್ವಿಕ್ ಕಪ್ಲರನ್ನು ನೇರವಾಗಿ ಹಾಕಿದರೆ ಅದರ ತೂಕ ಮತ್ತು ನಡುಕ ಸೇರಿ ಹಿಡಿತ ಸವೆಯುತ್ತದೆ. ಒಂದು ಮೊಳದಷ್ಟು ಮೆತ್ತನೆಯ ಹೋಸನ್ನು ಉಪಕರಣಕ್ಕೆ ಬಿಗಿದು, ಅದರ ತುದಿಯಲ್ಲಿ ಕಪ್ಲರ್ ಇಡಿ. ಕಟ್ಟುವ ತಂತಿ ಸುತ್ತಿದ ಜೋಡಣೆಗಳಿದ್ದರೆ ಇಂದೇ ಕತ್ತರಿಸಿ ತೆಗೆದು, ಯಂತ್ರದಲ್ಲಿ ಒತ್ತಿಸಿದ ತುದಿಗಳನ್ನು ಹಾಕಿಸಿ. ಎರಡು ಹೋಸ್ ಕೂಡುವಲ್ಲಿ ಉಕ್ಕಿನ ಹಗ್ಗದ ಸುರಕ್ಷತಾ ಕೊಂಡಿ ಕಟ್ಟಿ. ನಮ್ಮ ಕಡೆಯ ಶೆಡ್ಡುಗಳಲ್ಲಿ ನೀರಿನ ಪಿವಿಸಿ ಪೈಪಿನಲ್ಲಿ ಗಾಳಿ ಹರಿಸುವ ಅಭ್ಯಾಸವೂ ಇದೆ. ನೀರು ತುಂಬಿದ ಪೈಪು ಒಡೆದರೆ ಸೋರುತ್ತದೆ, ಒತ್ತಿದ ಗಾಳಿ ತುಂಬಿದ್ದು ಒಡೆದರೆ ಚೂರುಗಳು ಸಿಡಿಯುತ್ತವೆ. ನಿಮ್ಮಲ್ಲಿದ್ದರೆ ತೆಗೆಯಿರಿ.

130 ಪಿಎಸ್‌ಐಯ ಇನ್ನೊಂದು ಅಪಾಯ ಡಿಸ್ಕಿನದು. ಒತ್ತಡ ಏರಿದರೆ, ಅದರಲ್ಲಿಯೂ ವೇಗ ನಿಯಂತ್ರಕ ಸವೆದಿದ್ದರೆ, ಖಾಲಿ ತಿರುಗುವ ವೇಗವೂ ಏರುತ್ತದೆ. ಅಂಚಿನ ವೇಗ ಸೆಕೆಂಡಿಗೆ 80 ಮೀಟರ್ ಎಂದು ನಿಗದಿಯಾದ 100 ಮಿ.ಮೀ. ಡಿಸ್ಕ್ ನಿಮಿಷಕ್ಕೆ ಸುಮಾರು 15,300 ಸುತ್ತುಗಳನ್ನಷ್ಟೇ ತಾಳುವಂಥದ್ದು. ಅದೇ ದರ್ಜೆಯ 75 ಮಿ.ಮೀ. ಡಿಸ್ಕಿಗೆ ಮಿತಿ ಸುಮಾರು 20,400. ಸಣ್ಣ ಡೈ ಗ್ರೈಂಡರುಗಳಲ್ಲಿ ಕೆಲವು 25,000 ಸುತ್ತು ತಿರುಗುತ್ತವೆ, ಅವಕ್ಕೆ ಈ ಡಿಸ್ಕನ್ನು ಕೂರಿಸುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಡಿಸ್ಕಿನ ನಡುವಿನ ಲೋಹದ ಉಂಗುರದ ಮೇಲೆ ಬರೆದ, ಬಳಕೆಯ ಅವಧಿ ಮುಗಿಯುವ ದಿನಾಂಕವನ್ನೂ ಓದಿ: ರಾಳದಿಂದ ಕಟ್ಟಿದ ಡಿಸ್ಕುಗಳು ತೇವ ಹೀರಿ ದುರ್ಬಲವಾಗುವುದರಿಂದ, ಮಳೆಗಾಲದಲ್ಲಿ ಅವನ್ನು ಶೆಡ್ಡಿನ ನೆಲದ ಮೇಲೆ ಬಿಟ್ಟಿಡುವುದು ತರವಲ್ಲ.

ಇಂಪ್ಯಾಕ್ಟ್ ರೆಂಚಿಗೆ ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ ಮಾತ್ರ; ಹೊಳೆಯುವ ಕ್ರೋಮ್ ಸಾಕೆಟ್ ಕೈ ಸ್ಪ್ಯಾನರಿಗೆ ಸರಿ, ಇಲ್ಲಿ ಅದು ಬಿರಿದು ಸಿಡಿಯಬಹುದು. ಡಿಸ್ಕ್, ಸೂಜಿ, ಸಾಕೆಟ್ ಏನನ್ನೇ ಬದಲಿಸುವ ಮೊದಲು ಗಾಳಿಯನ್ನು ನಿಲ್ಲಿಸಿ, ಟ್ರಿಗರ್ ಒತ್ತಿ ಹೋಸಿನಲ್ಲಿ ಉಳಿದ ಗಾಳಿಯನ್ನೂ ಖಾಲಿ ಮಾಡಬೇಕು. ಸಂಜೆ ಅದೇ ಹೋಸಿನಿಂದ ಅಂಗಿಯ ಧೂಳು ಊದಿಕೊಳ್ಳುವ ಹುಡುಗರಿದ್ದರೆ ಗದರಿಸಿ ನಿಲ್ಲಿಸಿ. ಗಾಯದ ಮೂಲಕ ಗಾಳಿ ಚರ್ಮದಡಿಗೆ ನುಗ್ಗಿದರೆ ಪ್ರಾಣಕ್ಕೇ ಕುತ್ತು. ಕಿವಿಯ ಬಗ್ಗೆ ಒಂದೇ ಮಾತು: ನಮ್ಮ ಕಾರ್ಖಾನೆ ನಿಯಮಗಳ ಲೆಕ್ಕದಲ್ಲಿ 90 ಡೆಸಿಬಲ್ ಸದ್ದಿಗೆ 8 ಗಂಟೆ, 100 ಡೆಸಿಬಲ್‌ಗೆ 2 ಗಂಟೆ ಮಾತ್ರ ಮಿತಿ, ಮತ್ತು ಉಕ್ಕಿನ ತಳದ ಮೇಲೆ ಬಡಿಯುವ ನೀಡಲ್ ಗನ್ 100ನ್ನು ಸುಲಭವಾಗಿ ಮುಟ್ಟುತ್ತದೆ.

ಉತ್ತರ 5 (ಕಾರ್ಕಳದ ಕಡೆಯ ಶಿಲ್ಪ ಶಾಲೆಯಿಂದ)

ಜೋಮು ಹಿಡಿದವನ ವಿಚಾರವನ್ನು ಯಾರೂ ಎತ್ತದಿರುವುದರಿಂದ ಬರೆಯುತ್ತಿದ್ದೇನೆ. 1432ರಲ್ಲಿ ಪ್ರತಿಷ್ಠೆಯಾದ ನಮ್ಮೂರಿನ ಗೊಮ್ಮಟನನ್ನು ಕೆತ್ತಿದವರ ಬಳಿ ಉಳಿ ಸುತ್ತಿಗೆಗಳಷ್ಟೇ ಇದ್ದವು. ನಮ್ಮ ಕೈಯಲ್ಲಿರುವುದು ನಿಮಿಷಕ್ಕೆ ಸಾವಿರಾರು ಏಟು ಹಾಕುವ ಗಾಳಿ ಉಳಿ. ಅಮೆರಿಕದ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್‌ನಲ್ಲಿ ಇಂಥದ್ದೇ ಗಾಳಿ ಸುತ್ತಿಗೆ ಹಿಡಿಯುತ್ತಿದ್ದ ಸುಣ್ಣಕಲ್ಲಿನ ಕೆಲಸಗಾರರ ಬೆರಳುಗಳು ಬಿಳಿಚಿಕೊಳ್ಳುವುದನ್ನು ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲಿಯೇ ಅಧ್ಯಯನ ಮಾಡಿದ್ದರು. ಅಲ್ಲಿನ ಚಳಿಯಲ್ಲಿ ಬೆರಳು ಬಿಳಿಚುತ್ತದೆ; ನಮ್ಮ ಸೆಖೆಯಲ್ಲಿ ಆ ಗುರುತು ಅಪರೂಪ, ಜೋಮು ಮತ್ತು ಸ್ಪರ್ಶ ಮಂದವಾಗುವುದೇ ಮೊದಲು ಕಾಣುತ್ತದೆ. ಹಾಗಾಗಿ ಬೆರಳು ಬಿಳಿಯಾಗಿಲ್ಲ ಎಂದು ಸಮಾಧಾನಪಡಬೇಡಿ. ಅಂಗಿಯ ಗುಂಡಿ ಹಾಕಲು ತಡವರಿಸುವ ಹಂತಕ್ಕೆ ಬಂದ ಮೇಲೆ ಕೈ ಮೊದಲಿನಂತಾಗುವುದು ಕಷ್ಟ.

ಅವನನ್ನು ವೈದ್ಯರಿಗೆ ತೋರಿಸಿ, ಅಲ್ಲಿಯವರೆಗೆ ನೀಡಲ್ ಗನ್ ಕೊಡಬೇಡಿ. ಉಳಿದವರು ಸರದಿಯ ಮೇಲೆ ಕೆಲಸ ಮಾಡಲಿ, ಗನ್ನನ್ನು ಬಿಗಿಯಾಗಿ ಹಿಸುಕದೆ ಹಿಡಿತ ತಪ್ಪದಷ್ಟು ಮಾತ್ರ ಹಿಡಿಯಲಿ, ಹೊರಬೀಳುವ ತಣ್ಣನೆಯ ಗಾಳಿ ಬೆರಳುಗಳ ಮೇಲೆ ಬೀಳದಂತೆ ಕಿಂಡಿಯನ್ನು ತಿರುಗಿಸಿಕೊಳ್ಳಲಿ. ಸೂಜಿಗಳು ಸವೆದು ಗಿಡ್ಡ ಉದ್ದವಾಗಿದ್ದರೆ ಪೂರ್ತಿ ಕಟ್ಟನ್ನೇ ಬದಲಿಸಿ. ಸವೆದ ಸೂಜಿಯಲ್ಲಿ ಕೆಲಸ ನಿಧಾನವಾಗಿ ಕೈ ಹೆಚ್ಚು ಹೊತ್ತು ನಡುಗುತ್ತದೆ. ನಮಗೆ ಕಲ್ಲಿನ ಧೂಳು ಹೇಗೋ ನಿಮಗೆ ಹಳೆಯ ಬಣ್ಣ ಹಾಗೆ. ಹಳೆಯ ಕೆಂಪು ಪ್ರೈಮರಿನಲ್ಲಿ ಸೀಸ ಇರಬಹುದು, ಮುಖಕ್ಕೆ ಕಟ್ಟಿದ ಟವೆಲು ಅದನ್ನು ತಡೆಯದು.

ಪ್ರಶ್ನೆ ಕೇಳಿದವರು, ಆರು ದಿನಗಳ ಬಳಿಕ

ಎಲ್ಲರಿಗೂ ಕೃತಜ್ಞತೆಗಳು. ಗ್ರೈಂಡರಿನ ಬಾಯಿಯ ಹತ್ತಿರ ಗೇಜು ಹಾಕಿ ನೋಡಿದೆ. ಸುಮ್ಮನಿದ್ದಾಗ 130 ಇದ್ದದ್ದು ಟ್ರಿಗರ್ ಒತ್ತಿದ ಕ್ಷಣ 58ಕ್ಕೆ ಕುಸಿಯಿತು. ನಮ್ಮ ಹೋಸ್ 6 ಮಿ.ಮೀ. ಒಳಗಾತ್ರದ್ದು, 30 ಮೀಟರ್ ಉದ್ದ, ನಡುವೆ ಮೂರು ಕಪ್ಲರ್. ಫಿಲ್ಟರಿನೊಳಗೆ ಕಾಫಿ ಗಷ್ಟಿನಂತಹ ತುಕ್ಕಿನ ಕೆಸರು. ಈಗ 12 ಮಿ.ಮೀ. ಹೋಸ್ 15 ಮೀಟರ್ ಹಾಕಿ, ಎಫ್‌ಆರ್‌ಎಲ್ ಯೂನಿಟ್ಟನ್ನು ಬೋಟಿನ ಪಕ್ಕದ ಕಂಬಕ್ಕೆ ತಂದಿದ್ದೇನೆ. ರೆಗ್ಯುಲೇಟರ್ 95ರಲ್ಲಿದ್ದಾಗ, ಓಡುತ್ತಿರುವ ಗ್ರೈಂಡರಿನ ಬಳಿ 88 ಸಿಗುತ್ತಿದೆ. ಫಿಲ್ಟರಿನ ಬಟ್ಟಲನ್ನು ಮಧ್ಯಾಹ್ನದೊಳಗೆ ಎರಡು ಸಲ ಖಾಲಿ ಮಾಡಬೇಕಾಗುತ್ತದೆ. ಇಷ್ಟು ನೀರು ಇದುವರೆಗೆ ಉಪಕರಣಗಳ ಒಳಗೆ ಹೋಗುತ್ತಿತ್ತೆಂದು ನೆನೆದರೆ ಅವು ತಿರುಗುತ್ತಿದ್ದುದೇ ಹೆಚ್ಚು. ಗ್ರೈಂಡರನ್ನು ಬಿಚ್ಚಿಸಿದಾಗ ಎರಡು ವೇನುಗಳು ಸೀಳಿನಲ್ಲಿ ಅಂಟಿದ್ದವು, ಒಂದರ ಮೂಲೆ ಮುರಿದಿತ್ತು. ಹೊಸ ವೇನುಗಳನ್ನು ಹಾಕಿಸಿದೆ.

ಜೋಮಿನ ಹುಡುಗನನ್ನು ವೈದ್ಯರಿಗೆ ತೋರಿಸಿದ್ದಾಯಿತು. ಸದ್ಯ ಅವನಿಗೆ ಬಣ್ಣದ ಕೆಲಸ, ಉಳಿದವರಿಗೆ ನೀಡಲ್ ಗನ್ ಅರ್ಧ ಗಂಟೆಯ ಸರದಿ. ಮತ್ತೊಂದು ಮಾತನ್ನು ಒಪ್ಪಿಕೊಳ್ಳಬೇಕು: ಪಿವಿಸಿ ಪೈಪು ನಮ್ಮಲ್ಲಿಯೂ ಇತ್ತು, ಗೋಡೆಯುದ್ದಕ್ಕೂ. ನಿನ್ನೆ ಸಂಜೆ ಕಳಚಿ ತೆಗೆಯುವಾಗ, ಹುಡುಗರು ಊಟಕ್ಕೆ ಕೂರುವ ಬೆಂಚಿನ ಮೇಲಿನ ಎಲ್ಬೋದಲ್ಲಿ ಕೂದಲೆಳೆಯಷ್ಟು ಸಪೂರದ ಬಿರುಕು ಕಂಡಿತು.