ಭಾವ ತಂದ ಟೈರು

‘ಮನೆ ಮಂದಿ’ ಗುಂಪು, ಭಾನುವಾರ ಬೆಳಿಗ್ಗೆ

ಭಾವ: [ಫೋಟೋ] ಮಾವನವರ ಕಾರಿಗೆ ಹೊಸ ಟೈರು. ಹಳೆಯದು 185/65 ಆರ್15, ಇದು 205/65 ಆರ್15. ಗಟ್ಟಿಮುಟ್ಟಾಗಿದೆ ಅಲ್ವಾ?

ಚಿಕ್ಕಪ್ಪ: ಜೋರಾಗಿದೆ ಅಳಿಯಂದಿರೇ. ಇನ್ನು ಹಂಪ್‌ಗೆ ಕಾರಿನ ಹೊಟ್ಟೆ ತಾಗೋದು ತಪ್ಪಿತು.

ನಾನು: ಹಾಕಿಸಿ ಆಯ್ತಾ ಭಾವ?

ಭಾವ: ಇಲ್ಲ, ಅಂಗಡಿಯಲ್ಲೇ ಇದ್ದೇನೆ. ನನಗಿಂತ ಮುಂಚೆ ಎರಡು ಕಾರು ನಿಂತಿವೆ.

ನಾನು: ಸ್ವಲ್ಪ ತಡೀರಿ ಹಾಗಾದರೆ. 185, 205 ಅನ್ನೋದು ಟೈರಿನ ಅಗಲ, ಮಿ.ಮೀ.ನಲ್ಲಿ; 15 ಅನ್ನೋದು ರಿಮ್‌ನ ಇಂಚು. ಆ 65 ಇದೆಯಲ್ಲ, ಅದು ರಿಮ್‌ನಿಂದಾಚೆ ಟೈರಿನ ಎತ್ತರ; ಮಿಲಿಮೀಟರ್ ಅಲ್ಲ, ಅಗಲದ ಶೇಕಡಾ 65. ಅಗಲ ಜಾಸ್ತಿ ಆದರೆ ಎತ್ತರವೂ ಜಾಸ್ತಿ. ಹಳೆಯ ಚಕ್ರದ ಎತ್ತರ ಸುಮಾರು 621 ಮಿ.ಮೀ., ಇದರದು 647.

ಭಾವ: ಒಂದೂವರೆ ಬೆರಳು. ಅದಕ್ಕೆ ಇಷ್ಟು ಗಲಾಟೆಯಾ?

ದೊಡ್ಡಣ್ಣ: ಶೇಕಡಾ 4 ಆಯಿತು ಭಾವ. ಲೆಕ್ಕದ ಪ್ರಕಾರ ಮೀಟರ್ 100 ತೋರಿಸುವಾಗ ಕಾರು 104ರಲ್ಲಿ ಓಡುತ್ತಿರುತ್ತದೆ.

ಭಾವ: ಮೀಟರ್‌ಗಳು ಮೊದಲೇ ಸ್ವಲ್ಪ ಜಾಸ್ತಿ ತೋರಿಸುತ್ತವೆ. ಅಲ್ಲಿಗಲ್ಲಿಗೆ ಸರಿಹೋಗುತ್ತದೆ ಬಿಡಿ.

ನಾನು: ಆ ಮಾತು ಒಪ್ಪಿದೆ. ಆದರೆ 100 ಕಿ.ಮೀ. ಓಡಿದರೆ ಮೀಟರ್‌ನಲ್ಲಿ 96 ಏರುತ್ತದೆ. ಮೈಲೇಜ್ ಬಿತ್ತು ಅಂತ ಆಮೇಲೆ ನೀವೇ ಇಲ್ಲಿ ಗೋಳಾಡುತ್ತೀರಿ. ಇನ್ನು ಚಿಕ್ಕಪ್ಪ, ಚಕ್ರ 26 ಮಿ.ಮೀ. ಬೆಳೆದರೆ ಕಾರು ಏರೋದು ಅದರ ಅರ್ಧ, 13.

ಚಿಕ್ಕಪ್ಪ: ಬರೀ 13? ಹಾಗಾದರೆ ಹೊಟ್ಟೆ ತಾಗೋದು ತಪ್ಪಲ್ಲ.

ಅಕ್ಕ: ಫೋಟೋದಲ್ಲಿ ಎರಡೇ ಟೈರು ಇವೆಯಲ್ಲ?

ಭಾವ: ಮುಂದಕ್ಕೆ ಮಾತ್ರ. ಹಿಂದಿನವು ಇನ್ನೂ ಚೆನ್ನಾಗಿವೆ, ಸುಮ್ನೆ ಯಾಕೆ ಬಿಚ್ಚಿಸೋದು?

ನಾನು: ಅಯ್ಯೋ ಭಾವ, ಇದನ್ನು ಮೊದಲೇ ಹೇಳಬಾರದಾ! ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದೆಯಲ್ಲ, ಅದು ನಾಲ್ಕೂ ಚಕ್ರಗಳು ತಿರುಗುವ ವೇಗವನ್ನು ಹೋಲಿಸುತ್ತಾ ಇರುತ್ತದೆ. ಮುಂದಿನವು ದೊಡ್ಡವಾದರೆ ನೆಟ್ಟಗಿನ ರಸ್ತೆಯಲ್ಲೂ ಅವು ನಿಧಾನ, ಹಿಂದಿನವು ಜೋರು. ಅದು ಯಾವುದನ್ನು ನಂಬಬೇಕು? ಡಿಕ್ಕಿಯಲ್ಲಿರುವ ಸ್ಟೆಪ್ನಿಯೂ 185. ಮುಂದಿನದು ಪಂಕ್ಚರ್ ಆದ ದಿನ ಎಡಕ್ಕೊಂದು ಸೈಜು, ಬಲಕ್ಕೊಂದು ಸೈಜು.

ದೊಡ್ಡಣ್ಣ: ನನ್ನ ಹಳೆ ಕಾರಿಗೆ ಹೀಗೇ ದಪ್ಪ ಟೈರು ಹಾಕಿಸಿದ್ದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ರಿವರ್ಸ್ ತೆಗೆದರೆ ಕರಕರ ಅನ್ನುತ್ತಿತ್ತು. ಮಣ್ಣು ಸಿಕ್ಕಿರಬೇಕು ಅಂತ ಬಿಟ್ಟೆ. ಕೊನೆಗೆ ಬಗ್ಗಿ ನೋಡಿದರೆ, ಟೈರು ಉಜ್ಜಿ ಉಜ್ಜಿ ಚಕ್ರದ ಗೂಡಿನ ಒಳಗಿನ ಪ್ಲಾಸ್ಟಿಕ್ ಲೈನರ್‌ನಲ್ಲಿ ಕಿಟಕಿಯೇ ಆಗಿತ್ತು.

ಅಕ್ಕ: 😂

ಭಾವ: ಅಗಲ ಇದ್ದರೆ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ ಅಂತ ತಂದೆ ಕಣ್ರಪ್ಪಾ.

ದೊಡ್ಡಣ್ಣ: ಒಣ ರಸ್ತೆಯಲ್ಲಿ ಸ್ವಲ್ಪ ಹೌದು. ನೀರು ನಿಂತ ಕಡೆ ಅಗಲದ ಟೈರೇ ಬೇಗ ತೇಲೋದು.

ನಾನು: ಅಗಲ ಬೇಕೇ ಬೇಕು ಅಂದರೆ 205/60 ನೋಡಿ. ಎತ್ತರ 627, ವ್ಯತ್ಯಾಸ ಶೇಕಡಾ 1 ಕೂಡ ಇಲ್ಲ. ಆದರೆ ರಿಮ್ ಅಗಲ ಐದೂವರೆ ಇಂಚಾದರೂ ಇರಬೇಕು, ನಾಲ್ಕೂ ಬದಲಿಸಬೇಕು. ಲೋಡ್ ಇಂಡೆಕ್ಸ್, ಅಂದರೆ ಟೈರು ಎಷ್ಟು ಭಾರ ಹೊರುತ್ತದೆ ಅನ್ನುವ ಸಂಖ್ಯೆ, ಹಳೆಯದಕ್ಕಿಂತ ಇಳಿಯಬಾರದು. ಸೈಜಿನ ಪಕ್ಕದಲ್ಲಿ 88 ಅಂತ ಇದ್ದರೆ ಆ ಟೈರು 560 ಕೆ.ಜಿ. ಹೊರುತ್ತದೆ.

ಭಾವ: [ಫೋಟೋ] ಡ್ರೈವರ್ ಬಾಗಿಲು ತೆಗೆದರೆ ಕಾಣುವ ಸ್ಟಿಕ್ಕರ್. 185/65 ಒಂದೇ ಬರೆದಿದ್ದಾರೆ.

ಅಕ್ಕ: ಅದನ್ನೇ ಹಾಕಿಸ್ಕೊಂಡು ಬನ್ನಿ. ತಿಂಡಿ ಆರ್ತಾ ಇದೆ.

ಭಾವ: ಬದಲಾಯಿಸಿ ಕೊಡುತ್ತಾನಂತೆ. ಪುಣ್ಯಕ್ಕೆ ಲೇಬಲ್ ಕಿತ್ತಿರಲಿಲ್ಲ. ಚಿಕ್ಕಪ್ಪ, ಹಂಪ್ ಬಂದಾಗ ನೀವು ಒಂಚೂರು ನಿಧಾನ ಮಾಡಿ.