ಕುಟ್ಟು ಹಿಟ್ಟಿನ ಗಲೆಟ್‌ಗೆ ಮೊಟ್ಟೆ ಬೇಕೇ?

ನಂಜನಗೂಡಿನವರು:
ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಉಪ್ಪಿನ ಗಲೆಟ್ಟನ್ನು, ಅಂದರೆ ದೋಸೆಯಂಥ ತೆಳ್ಳನೆಯ ತಿಂಡಿಯನ್ನು, ಮನೆಯಲ್ಲಿ ಮಾಡುವವರು ಇಲ್ಲಿ ಹಲವರಿದ್ದೀರಿ. ಕುಟ್ಟು (ಬಕ್‌ವೀಟ್) ಹಿಟ್ಟು, ನೀರು, ಕಲ್ಲುಪ್ಪು ಇಷ್ಟೇ ಸಾಕೆಂದು ಕೆಲವರು ಹೇಳಿದರೆ, ಮೊಟ್ಟೆ ಮತ್ತು ಒಂದು ಹಿಡಿ ಮೈದಾ ಸೇರದೆ ಅದು ಹೆಂಚಿನಿಂದ ಏಳುವುದೇ ಇಲ್ಲವೆಂದು ಇನ್ನು ಕೆಲವರು ವಾದಿಸುತ್ತಾರೆ. ಗೋಧಿಹಿಟ್ಟಿಗೆ ಅಂಟು ಕೊಡುವ ಗ್ಲುಟನ್ ಎಂಬ ಪ್ರೋಟೀನ್ ಕುಟ್ಟಿನಲ್ಲಿ ಇಲ್ಲದ ಕಾರಣ ಎರಡನೆಯ ಮಾತೇ ಸರಿಯೆಂದು ನನಗೆ ತೋರುತ್ತದೆ. ಒಪ್ಪದವರು ಕಾರಣಸಹಿತ ತಿಳಿಸಬೇಕು.

ರೆನ್ ನಿವಾಸಿ:
ನಾನು ಒಪ್ಪುವುದಿಲ್ಲ. ರೆನ್ ನಗರದ ಸುತ್ತಮುತ್ತ, ಅಂದರೆ ಬ್ರಿಟನಿಯ ಪೂರ್ವಭಾಗದಲ್ಲಿ, ಗಲೆಟ್ ಎಂದರೆ ಹಿಟ್ಟು, ನೀರು, ಉಪ್ಪು ಮಾತ್ರ. 330 ಗ್ರಾಂ ಹಿಟ್ಟಿಗೆ ಸುಮಾರು 750 ಮಿಲಿಲೀಟರ್ ನೀರು ಮತ್ತು 10 ಗ್ರಾಂ ಕಲ್ಲುಪ್ಪು ಹಿಡಿಯುತ್ತದೆ. ಇಲ್ಲಿನ ಬೀದಿಗಳಲ್ಲಿ ಸುಟ್ಟ ಹಂದಿಮಾಂಸದ ಸಾಸೇಜನ್ನು ತಣ್ಣನೆಯ ಗಲೆಟ್‌ನಲ್ಲಿ ಸುತ್ತಿ ಕೈಗೆ ಕೊಡುತ್ತಾರೆ. ಮೊಟ್ಟೆಯಿಲ್ಲದ ಗಲೆಟ್ ಹರಿಯುವುದೇ ನಿಜವಾದರೆ ಅದನ್ನು ಹಾಗೆ ಸುತ್ತಲು ಸಾಧ್ಯವಾಗುತ್ತಿತ್ತೇ? ಗುಟ್ಟಿರುವುದು ಕಲಸುವ ಕ್ರಮದಲ್ಲಿ. ಎಲ್ಲ ನೀರನ್ನೂ ಒಮ್ಮೆಲೇ ಸುರಿಯದೆ, ಮೊದಲು ಅರ್ಧದಷ್ಟನ್ನೇ ಹಾಕಿ, ಗಟ್ಟಿ ಹಿಟ್ಟನ್ನು ಕೈಯಿಂದಲೇ ಎತ್ತಿ ಎತ್ತಿ ಬಡಿಯಬೇಕು. ಅದು ನುಣುಪಾಗಿ, ಬೆರಳಿನಿಂದ ತುಂಡಾಗದೆ ಪಟ್ಟಿಯಂತೆ ಇಳಿಯತೊಡಗಿದ ಮೇಲೆ ಉಳಿದ ನೀರನ್ನು ಸೇರಿಸಿ, ರಾತ್ರಿಯಿಡೀ ಫ್ರಿಜ್‌ನಲ್ಲಿ ಇಡಬೇಕು. ಗ್ಲುಟನ್ ಇಲ್ಲದಿದ್ದರೂ ಕುಟ್ಟಿನ ಹಿಟ್ಟು ನೀರು ಕುಡಿದಾಗ ತನ್ನದೇ ಲೋಳೆಯಿಂದ ಅಂಟು ಪಡೆಯುತ್ತದೆ. ಬೆಳಿಗ್ಗೆ ಮೇಲ್ಪದರ ಕಂದಾಗಿದ್ದರೆ ಗಾಬರಿ ಬೇಡ, ಕಲಕಿದರೆ ಸಾಕು.

ಉಪ್ಪುಬೆಣ್ಣೆ:
ಪೂರ್ವದ ಪದ್ಧತಿಯನ್ನೇ ಇಡೀ ಬ್ರಿಟನಿಯದೆಂದು ಹೇಳುವುದು ಸರಿಯಲ್ಲ. ಪಶ್ಚಿಮದ ಫಿನಿಸ್ತೇರ್ ಕಡೆ ಇದನ್ನು ಕುಟ್ಟಿನ ಕ್ರೆಪ್ ಎನ್ನುತ್ತಾರೆ. ಅಲ್ಲಿ ಮೊಟ್ಟೆ, ಹಾಲು, ಕೆಲವೊಮ್ಮೆ ಸ್ವಲ್ಪ ಗೋಧಿಹಿಟ್ಟು ಸೇರಿಸುವುದು ರೂಢಿ, ಮತ್ತು ಅದು ರೆನ್ ಗಲೆಟ್‌ಗಿಂತ ತೆಳ್ಳಗೆ, ಗರಿಗರಿಯಾಗಿ ಬರುತ್ತದೆ. ಅದನ್ನು ಕಲಬೆರಕೆ ಎನ್ನಲಾಗದು. ಅಲ್ಲದೆ ಅಂಗಡಿಯವರ ಬಿಲಿಗ್, ಅಂದರೆ ಅಂಚಿಲ್ಲದ ದಪ್ಪ ಬೀಡುಕಬ್ಬಿಣದ ತಟ್ಟೆ, ನಮ್ಮ ಅಡುಗೆಮನೆಗಳಲ್ಲಿ ಇರುವುದಿಲ್ಲ. ಹೊಸಬರಿಗೆ ಒಂದು ಮೊಟ್ಟೆ ದೊಡ್ಡ ಆಸರೆ.

ಹೆಂಚುಪ್ರಿಯ:
ಆಸರೆ ಎಂಬುದನ್ನು ಒಪ್ಪುತ್ತೇನೆ, ಆದರೆ ಅದು ಕಾವಿನ ಕೊರತೆಯನ್ನು ಮುಚ್ಚಿಡುವ ಆಸರೆ. ಬಿಲಿಗ್ ಕೆಲಸ ಮಾಡುವುದು 200 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ. ಅಷ್ಟು ಕಾದ ಕಬ್ಬಿಣಕ್ಕೆ ಹಿಟ್ಟು ತಾಗಿದ ಕೂಡಲೇ ನೀರು ಆವಿಯಾಗಿ ಸಿಡಿದು ಕಣ್ಣುಕಣ್ಣು ತೂತುಗಳಾಗುತ್ತವೆ, ಅಂಚು ಕಂದಾಗಿ ತಾನಾಗಿಯೇ ಮೇಲೇಳುತ್ತದೆ. ಕಾವು ಸಾಲದಿದ್ದರೆ ತೂತಿಲ್ಲದ, ಬೂದುಬಣ್ಣದ, ಅಂಟಂಟಾದ ಹಾಳೆಯೊಂದು ಉಳಿಯುತ್ತದೆ, ಅವಸರದಿಂದ ಎತ್ತಿದರೆ ಅದು ಹರಿಯುವುದು ಖಂಡಿತ. ನಾನ್‌ಸ್ಟಿಕ್ ಬಾಣಲೆಯನ್ನು ಅಷ್ಟು ಕಾಯಿಸಬಾರದು. ನಮ್ಮ ದೋಸೆಯ ಬೀಡಿನ ಹೆಂಚು ಇದಕ್ಕೆ ಧಾರಾಳವಾಗಿ ಸಾಕು. ಆದರೆ ದೋಸೆಗೆ ಮಾಡುವಂತೆ ನೀರು ಚಿಮುಕಿಸಿ ತಣಿಸಬಾರದು. ಹರಡಲು ರೊಜೆಲ್ ಎಂಬ ಮರದ ಕೋಲು ಇಲ್ಲದಿದ್ದರೆ, ನೀರುದೋಸೆಯ ಹಾಗೆ ಹಿಟ್ಟನ್ನು ತೆಳ್ಳಗೆ ಮಾಡಿ ಹೆಂಚನ್ನೇ ಓಲಿಸಬಹುದು.

ನಂಜನಗೂಡಿನವರು:
ಕಾವಿನ ವಾದವನ್ನು ಪರೀಕ್ಷಿಸಿ ನೋಡುವೆ. ನಮ್ಮಲ್ಲಿ ಸಿಗುವುದು ನವರಾತ್ರಿ ಉಪವಾಸದವರಿಗಾಗಿ ಬರುವ ಕುಟ್ಟು ಹಿಟ್ಟು. ಅದು ನಡೆಯುತ್ತದೆಯೇ? ಮನೆಯಲ್ಲಿ ಗ್ಲುಟನ್ ಆಗದ ಮಗುವೂ ಇದೆ.

ರೆನ್ ನಿವಾಸಿ:
ನಡೆಯುತ್ತದೆ. ಬ್ರಿಟನಿಯ ಹಿಟ್ಟಿನಲ್ಲಿ ಹೊಟ್ಟಿನ ಕಪ್ಪು ಚುಕ್ಕೆಗಳಿರುತ್ತವೆ, ರುಚಿಯ ಬಹುಪಾಲು ಅದರದೇ. ಉಪವಾಸದ ಹಿಟ್ಟು ಸಾಮಾನ್ಯವಾಗಿ ಬಿಳಿಚಾಗಿ ನುಣ್ಣಗಿರುವುದರಿಂದ ನೀರನ್ನು ನೋಡಿಕೊಂಡು ಹಾಕಿ. ಹಳೆಯ ಹಿಟ್ಟು ಕಮಟು ಬರುತ್ತದೆ, ಮೂಸಿ ನೋಡದೆ ಬಳಸಬೇಡಿ. ಮಗುವಿಗಾದರೆ ಮೈದಾ ಮಾತೇ ಬೇಡ. ಗೋಧಿ ಬೀಸುವ ಗಿರಣಿಯ ಹಿಟ್ಟನ್ನೂ ಬಿಟ್ಟು, ಗ್ಲುಟನ್ ಮುಕ್ತವೆಂದು ಮುದ್ರಿಸಿದ ಪೊಟ್ಟಣವನ್ನೇ ಕೊಳ್ಳಿ. ಕುಟ್ಟಿಗೇ ಅಲರ್ಜಿ ಇರುವವರೂ ಇದ್ದಾರೆ, ಮೊದಲ ಸಲ ಸ್ವಲ್ಪವೇ ಕೊಡಿ.

ಉಪ್ಪುಬೆಣ್ಣೆ:
ಹೂರಣದ ವಿಷಯವನ್ನು ಯಾರೂ ಎತ್ತಲಿಲ್ಲ. 'ಕಂಪ್ಲೀಟ್' ಎಂಬ ಗಲೆಟ್‌ಗೆ ಹ್ಯಾಮ್, ತುರಿದ ಎಮೆಂಟಾಲ್ ಚೀಸ್ ಮತ್ತು ಮೊಟ್ಟೆ ಬೀಳುತ್ತವೆ. ಮಗುಚಿ ಹಾಕಿ, ಉಪ್ಪುಬೆಣ್ಣೆ ಸವರಿ, ಮೊಟ್ಟೆ ಒಡೆದು ಬಿಳಿಯನ್ನು ಮಾತ್ರ ಹರಡಿ, ಹಳದಿಯನ್ನು ನಡುವೆ ಬಿಟ್ಟು ನಾಲ್ಕೂ ಅಂಚನ್ನು ಚೌಕವಾಗಿ ಮಡಿಚಬೇಕು. ಹಾಗಾಗಿ ಮೊಟ್ಟೆ ಹೇಗೂ ಬರುತ್ತದೆ, ಒಳಗೋ ಹೊರಗೋ ಎಂಬುದಷ್ಟೇ ಜಗಳ! ಮಾಂಸ ಬೇಡವಾದರೆ ಅಣಬೆ ಹಾಕಿ.

ಹೆಂಚುಪ್ರಿಯ:
ಅಣಬೆಯನ್ನು ಬೇರೆಯಾಗಿ ಹುರಿದು ನೀರೆಲ್ಲ ಇಂಗಿದ ಮೇಲಷ್ಟೇ ಹಾಕಿ. ಹಸಿಯಾಗಿ ಹಾಕಿದರೆ ಅದು ಬಿಡುವ ನೀರಿಗೆ ಗಲೆಟ್‌ನ ತಳ ಮೆತ್ತಗಾಗುತ್ತದೆ, ಆಗ ಮೊಟ್ಟೆ ಹಾಕಿದ ಹಿಟ್ಟೂ ಹರಿಯುತ್ತದೆ.